ಎರಡು ಸಾಲು ಬಟ್ಟಲು

ಅವನು ಮೊದಲ ಸಲ ಎದುರು ಬಂದು ನಿಂತಾಗ ಅವಳ ಮೂಗು ಕಾಫಿ ಬೀಜದ ಡಬ್ಬಿಯೊಳಗಿತ್ತು.

ಹೌದು, ನಮ್ಮ ನಾಯಕಿಯ ಪ್ರವೇಶ ಹೀಗೇ! ಕೂದಲು ಗಾಳಿಗೆ ಹಾರುತ್ತಿರಲಿಲ್ಲ, ಹಿನ್ನೆಲೆಯಲ್ಲಿ ಸಂಗೀತವೂ ಇರಲಿಲ್ಲ. ಕಂದು ಬಣ್ಣದ ಏಪ್ರನ್ ತೊಟ್ಟು, ಕಣ್ಣು ಮುಚ್ಚಿ, ಅರ್ಧ ಮುಖವನ್ನು ಡಬ್ಬಿಗೆ ಇಳಿಸಿಕೊಂಡಿದ್ದ ಅವಳು ಈ ಲೋಕದಲ್ಲೇ ಇರಲಿಲ್ಲ.

ಕೌಂಟರಿನ ಆಚೆ ಹಲ್ಲಿನ ಡಾಕ್ಟರಮ್ಮ ಕಾಯುತ್ತಿದ್ದರು.

"ಹೋದ ಸಲದ್ದು ಹಾಲು ಹಾಕಿದ ತಕ್ಷಣ ಎಲ್ಲಿ ಹೋಯ್ತೋ ಗೊತ್ತಾಗ್ಲಿಲ್ಲ ಕಣಮ್ಮ. ಅದರ ಹಿಂದಿನ ಸಲ ಕಪ್ಪಗೆ ಹುರಿದಿದ್ದು ತಗೊಂಡೆ, ಬರೀ ಕಹಿ. ನನಗೆ ಕಹಿಯೂ ಇರಬಾರದು, ಹಾಲಲ್ಲಿ ಕಳೆದೂ ಹೋಗಬಾರದು. ಸಿಗುತ್ತಾ ಅಂಥದ್ದು?"

"ಹಾಲು ಎಷ್ಟು ಹಾಕ್ತೀರಿ?" ಡಬ್ಬಿಯೊಳಗಿಂದಲೇ ಅವಳ ದನಿ ಬಂತು.

"ಅರ್ಧಕ್ಕರ್ಧ."

"ಸಕ್ಕರೆ?"

ಡಾಕ್ಟರಮ್ಮ ಆಚೀಚೆ ನೋಡಿದರು. "ಎರಡು ಚಮಚ... ನನ್ನ ಪೇಷೆಂಟ್‌ಗಳಿಗೆ ಹೇಳ್ಬೇಡ."

ಅವಳು ನಗುತ್ತ ತಲೆ ಎತ್ತಿದಳು. ಮೂಗಿನ ತುದಿಗೆ ಬೀಜದ ಹೊಟ್ಟಿನ ಒಂದು ಚೂರು ಅಂಟಿತ್ತು. ಎಲ್ಲ ಗಿರಾಕಿಗಳಿಗೂ ಕೇಳುವ ಕೊನೆಯ ಪ್ರಶ್ನೆಯನ್ನು ಅವಳು ಈಗ ಕೇಳಿದಳು. "ಕುಡಿದು ಐದು ನಿಮಿಷ ಆದ್ಮೇಲೆ ನಾಲಿಗೆ ಮೇಲೆ ಏನು ಉಳೀಬೇಕು ನಿಮಗೆ?"

"ಅದೆಲ್ಲ ನಾನೆಲ್ಲಿ ಯೋಚನೆ ಮಾಡಿದೀನಿ... ಏನೋ ಒಂಥರಾ... ಬಾದಾಮಿ ತಿಂದ ಹಾಗೆ?"

"ಕಿಟಕಿ ಪಕ್ಕದ ಡಬ್ಬಿ. ಕೆಳಗಿನ ಸಾಲಲ್ಲಿ ಎರಡನೇದು."

ಹೇಳಿದ್ದು ಅವಳಲ್ಲ!

ಬೀಜದ ಡಬ್ಬಿಗಳ ಕಪಾಟಿನ ಹತ್ತಿರ ಒಬ್ಬ ನಿಂತಿದ್ದ. ತೋಳು ಮಡಿಸಿದ ಬಿಳಿ ಅಂಗಿ, ಹೆಗಲಿಗೊಂದು ಹಳೆಯ ಚೀಲ. ತಾನು ಮಾತಾಡಿದ್ದಕ್ಕೆ ತಾನೇ ಗಾಬರಿಯಾದವನ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದ.

ಅವಳ ಎದೆ ಧಸಕ್ಕೆಂದಿತು. ಅವನ ಚೆಲುವಿಗಲ್ಲ. (ಚೆಲುವೂ ಇತ್ತೆನ್ನಿ, ಆದರೆ ಅದನ್ನು ಅವಳು ಗಮನಿಸಿದ್ದು ಆಮೇಲೆ.) ಅವಳ ಬಲಗೈ ಆಗಲೇ ಹೊರಟಿದ್ದು ಅದೇ ಡಬ್ಬಿಯ ಕಡೆಗೆ! ಕಿಟಕಿ ಪಕ್ಕ, ಕೆಳಗಿನ ಸಾಲು, ಎರಡನೆಯದು.

"ನೀವ್ಯಾರು?"

"ಕ್ಷಮಿಸಿ, ಬಾಯ್ತಪ್ಪಿ ಬಂತು. ಅರ್ಧ ಗಂಟೆಯಿಂದ ಇಲ್ಲೇ ಇದ್ದೀನಿ. ಎಲ್ಲಾ ಡಬ್ಬಿ ಮೂಸಿ ನೋಡ್ದೆ. ನೀವು ತಲೆ ಎತ್ತಲೇ ಇಲ್ಲ."

"ಇನ್ನೊಬ್ಬರ ನಾಲಿಗೆಗೆ ಬೀಜ ಆರಿಸೋದು ಬಾಯ್ತಪ್ಪಿ ಮಾಡೋ ಕೆಲಸ ಅಲ್ಲ," ಎಂದಳು ಅವಳು, ಬಿರುಸಾಗಿ.

"ಹಾಗಾದ್ರೆ ನೀವು ಯಾವುದು ಕೊಡ್ತಿದ್ರಿ?"

ಅವಳು ಮುಖ ಊದಿಸಿಕೊಂಡು ಅದೇ ಡಬ್ಬಿಯಿಂದ ಕಾಲು ಕಿಲೋ ತೂಗಿ, ಹುರಿದ ತಾರೀಖು ಬರೆದು, ಡಾಕ್ಟರಮ್ಮನ ಕೈಗಿಟ್ಟಳು. "ಹುರಿದು ಎರಡೇ ದಿನ ಆಗಿದೆ. ಇನ್ನು ಮೂರು ದಿನ ಮುಟ್ಟಬೇಡಿ, ಹದಕ್ಕೆ ಬರಲಿ. ಕುಡಿಯೋ ಹೊತ್ತಿಗೆ ಪುಡಿ ಮಾಡ್ಕೊಳ್ಳಿ."

ಅಷ್ಟರಲ್ಲಿ ಒಳಗಿನಿಂದ ದೊಡ್ಡಮ್ಮನ ದನಿ ಕೇಳಿತು. "ಬಂದೆಯೇನಪ್ಪಾ? ಒಳಗೆ ಬಾ. ಪುಟ್ಟೀ, ಇವನೇ ಕಣೆ ನಾನು ಹೇಳಿದ ಹೊಸಬ. ಇವತ್ತಿಂದ ನಮ್ಮ ಮೇಜಿಗೆ ಕೂರ್ತಾನೆ."

ಪುಟ್ಟಿಗೆ ಇಪ್ಪತ್ತೆಂಟು ವರ್ಷ. ಆದರೂ ಆ ಅಂಗಡಿಯಲ್ಲಿ ಅವಳು ಪುಟ್ಟಿಯೇ. ಅಂದಿನಿಂದ ಅವನು ಹೊಸಬ.

*

ಅಂಗಡಿ ದೊಡ್ಡಮ್ಮನದು. ಮುಂದೆ ಇಪ್ಪತ್ತೆರಡು ಡಬ್ಬಿಗಳ ಮಳಿಗೆ, ಹಿತ್ತಲಲ್ಲಿ ಬೀಜ ಹುರಿಯುವ ಕೊಠಡಿ. ಇವೆರಡರ ನಡುವೆ ರುಚಿ ಕೋಣೆ.

ಆ ಕೋಣೆಗೆ ಕಾಲಿಟ್ಟರೆ ಸಾಕು, ಹೊರಗಿನ ಬೀದಿ ಎಲ್ಲೋ ದೂರ ಸರಿದ ಹಾಗಾಗುತ್ತಿತ್ತು. ಮಸುಕು ಗಾಜಿನ ಎತ್ತರದ ಕಿಟಕಿ. ಅದರಿಂದ ಇಳಿಯುವ ಬೆಳಕು ಹಾಲು ಬೆರೆಸಿದಷ್ಟು ಮೆತ್ತಗೆ. ಉದ್ದ ಮೇಜಿನ ಮೇಲೆ ಬಿಳಿ ಬಟ್ಟಲುಗಳು, ಪ್ರತಿಯೊಬ್ಬರಿಗೂ ಆರಾರರ ಒಂದೊಂದು ಸಾಲು. ಪುಡಿಯ ಮೇಲೆ ಬಿಸಿನೀರು ಸುರಿದು ನಾಲ್ಕು ನಿಮಿಷ ಕಾದರೆ ಮೇಲೊಂದು ಕಂದು ಕೆನೆ ಕಟ್ಟುತ್ತದೆ. ಚಮಚದ ಬೆನ್ನಿನಿಂದ ಅದನ್ನು ಒಡೆಯುವ ಆ ಒಂದು ಕ್ಷಣ... ಅಬ್ಬಾ! ಒಳಗೆ ಬಚ್ಚಿಟ್ಟುಕೊಂಡಿದ್ದ ಘಮವೆಲ್ಲ ಒಟ್ಟಿಗೇ ಮೂಗಿಗೆ ಬರುತ್ತದೆ. ಒಂಬತ್ತು ವರ್ಷವಾದರೂ ಪುಟ್ಟಿಗೆ ಆ ಕ್ಷಣ ಹಳತಾಗಿರಲಿಲ್ಲ.

ಆಮೇಲೆ ಸುರ್ರ್ ಎಂದು ಹೀರುವ ಸದ್ದು. ಮನೆಯಲ್ಲಿ ಹೀಗೆ ಹೀರಿದರೆ ಅಮ್ಮಂದಿರು ಬೈಯುತ್ತಾರೆ. ಇಲ್ಲಿ ಜೋರಾಗಿ ಹೀರದಿದ್ದರೆ ದೊಡ್ಡಮ್ಮ ಬೈಯುತ್ತಾರೆ. ಹೀರಿ, ಬಾಯೆಲ್ಲ ಆಡಿಸಿ, ಬೇಕಾದರೆ ನುಂಗಬಹುದು, ಬೇಡವಾದರೆ ಪಕ್ಕದ ಡಬ್ಬಿಗೆ ಉಗಿಯಬಹುದು. ಮಾತು ಮಾತ್ರ ಕೂಡದು. ನೂರಕ್ಕೆ ಇಷ್ಟು ಅಂಕ ಎಂದು ಕಾಗದದಲ್ಲಿ ಬರೆದು, ಪಕ್ಕದಲ್ಲಿ ಏನು ರುಚಿ, ಏನು ಘಮ ಎಂದು ಎರಡು ಮಾತು ಗೀಚಿ, ಪೆನ್ಸಿಲ್ ಕೆಳಗಿಡಬೇಕು. ಎಲ್ಲರ ಪೆನ್ಸಿಲ್ ಕೆಳಗಿಳಿದ ಮೇಲೆ ಓದುವುದು. ಇನ್ನೊಬ್ಬರ ಮಾತಿಗೆ ವಾಲಬಾರದೆಂದು ಎಲ್ಲರಿಗಿಂತ ಹೊಸಬರು ಮೊದಲು ಓದಬೇಕು. ಡಬ್ಬಿಗಳ ಮೇಲೆ ಅಂಟಿಸುವ ಚೀಟಿಗೆ ಈ ಅಂಕಗಳೇ ಆಧಾರ.

"ಮೂರು ತಿಂಗಳು ನಿನ್ನ ಅಂಕ ಚೀಟಿಗೆ ಸೇರಿಸಲ್ಲ," ಎಂದು ದೊಡ್ಡಮ್ಮ ಮೊದಲ ದಿನವೇ ಹೇಳಿದ್ದರು. "ಬರೀ ನೋಡ್ತೀನಿ. ಮೇಜಿನ ಅಂಕಕ್ಕೂ ನಿನ್ನ ಅಂಕಕ್ಕೂ ತಾಳಮೇಳ ಇಲ್ಲದಿದ್ರೆ ಬೇಜಾರು ಮಾಡ್ಕೊಳ್ದೆ ಹೊರಡಬೇಕು."

"ಆಗಲಿ ದೊಡ್ಡಮ್ಮ," ಎಂದಿದ್ದ ಹೊಸಬ. ಅವನೂ ಮೊದಲ ದಿನದಿಂದಲೇ ಅವರನ್ನು ದೊಡ್ಡಮ್ಮ ಎಂದೇ ಕರೆದ. ಬೇರೆ ಹೆಸರಿಂದ ಯಾರೂ ಕರೆದದ್ದು ಕೇಳಿಯೇ ಇರಲಿಲ್ಲವಲ್ಲ!

ಮೇಜಿನ ನಾಲ್ಕನೆಯವರು ಬೀಜ ಹುರಿಯುವ ತಾತ. ಕಿವಿ ಸ್ವಲ್ಪ ಮಂದ. ಅವರು ಯಾವ ಬಟ್ಟಲಿಗೂ ಎಂಬತ್ತಕ್ಕಿಂತ ಕಡಿಮೆ ಕೊಟ್ಟವರಲ್ಲ. ತಾವೇ ಹುರಿದದ್ದಲ್ಲವೇ!

*

ಪುಟ್ಟಿಗೆ ಒಂದು ಸಂಕಟವಿತ್ತು. ಯಾರಿಗೂ ಹೇಳಿಕೊಂಡಿರಲಿಲ್ಲ.

ಅವಳಿಗೆ ಬಟ್ಟಲಿನಲ್ಲಿ ನಿಂಬೆ, ಜೇನು, ಸುಟ್ಟ ಸಕ್ಕರೆ ಎಲ್ಲ ಸಿಗುತ್ತಿತ್ತು, ಎಲ್ಲರಿಗೂ ಸಿಗುವ ಹಾಗೆ. ಅದರ ಹಿಂದೆ ಇನ್ನೇನೋ ಸಿಗುತ್ತಿತ್ತು. ಒಮ್ಮೆ ಬಿಸಿಲಿಗೆ ಒಣಹಾಕಿದ ಹಾಸಿಗೆ. ಒಮ್ಮೆ ಬಹಳ ದಿನ ಮುಚ್ಚಿಟ್ಟು ತೆರೆದ ಮರದ ಪೆಟ್ಟಿಗೆ. ಅವಳು ಅದನ್ನೂ ಕಾಗದದಲ್ಲಿ ಬರೆಯುತ್ತಿದ್ದಳು, ಓದುತ್ತಿದ್ದಳು. ತಾತ "ಹಾಸಿಗೆ ಕುಡಿಯೋಕೆ ಆಗುತ್ತೇನೇ?" ಎಂದು ನಗುತ್ತಿದ್ದರು. ದೊಡ್ಡಮ್ಮ ಕನ್ನಡಕದ ಮೇಲಿಂದ ನೋಡಿ "ಇಲ್ಲಮ್ಮ, ನನಗೇನೂ ಸಿಗ್ಲಿಲ್ಲ" ಎನ್ನುತ್ತಿದ್ದರು. ಒಂಬತ್ತು ವರ್ಷ ಇದೇ ಕಥೆ.

'ನನಗೆ ಮಾತ್ರ ಸಿಗೋದು... ಹಾಗಾದ್ರೆ ಅದು ನಿಜವಾಗಿ ಇದೆಯಾ?' ಎಂದು ಅವಳು ಎಷ್ಟೋ ಸಲ ಚಮಚ ತೊಳೆಯುತ್ತ ಯೋಚಿಸಿದ್ದಳು. ಜೊತೆಯಲ್ಲೇ ಕೂತು ಕುಡಿದೂ ಒಂಟಿಯಾಗಿರುವುದು ಎಂಥ ಕಷ್ಟ ಅಂತ ಅವಳಿಗೇ ಗೊತ್ತು.

ಹೊಸಬ ಬಂದ ಮೇಲೆ ಆ ಯೋಚನೆ ಸ್ವಲ್ಪ ದೂರವಾಗಿತ್ತು. ಯಾಕೆಂದರೆ ಚಮಚ ತೊಳೆಯುವ ಸಿಂಕಿನ ಬಳಿ ಈಗ ಇಬ್ಬರು ನಿಲ್ಲುತ್ತಿದ್ದರು.

"ಮೊದಲು ಎಲ್ಲಿದ್ರಿ?" ಎಂದು ಅವಳೇ ಕೇಳಿದಳು, ಎರಡನೇ ವಾರದಲ್ಲಿ. ಮೊದಲ ವಾರ ಮುನಿಸಿಗೆ ಮೀಸಲಾಗಿತ್ತು.

"ಹಣ್ಣಿನ ರಸದ ಕಾರ್ಖಾನೇಲಿ. ಎಂಟು ವರ್ಷ ಅದರ ರುಚಿ ನೋಡೋದೇ ಕೆಲಸ. ಮಾವು, ದ್ರಾಕ್ಷಿ, ಅನಾನಸ್... ಕನಸಲ್ಲೂ ಬರೀ ಸಿಹಿ."

"ಅದಕ್ಕೆ ಓಡಿ ಬಂದ್ರಾ?"

"ಒಂದಿನ ಯಾರೋ ಒಂದು ಲೋಟ ಕಾಫಿ ಕೊಟ್ರು. ಸಕ್ಕರೆ ಇಲ್ದೆ. ಮೊದಲು ಕಹಿ ಅನ್ನಿಸ್ತು. ಆಮೇಲೆ ಆ ಕಹಿ ಹಿಂದೆ ಯಾರೋ ನಿಂತಿದಾರೆ ಅನ್ನಿಸ್ತು. ಯಾರು ಅಂತ ನೋಡೋಣ ಅಂತ ಬಂದೆ."

ಪುಟ್ಟಿಯ ಕೈಯಲ್ಲಿದ್ದ ಚಮಚ ಜಾರಿ ಸಿಂಕಿಗೆ ಬಿತ್ತು. ಹಿಂದೆ ಯಾರೋ ನಿಂತಿದಾರೆ... ಇಂಥ ಮಾತನ್ನು ಅವಳು ತನ್ನೊಳಗೆ ಬಿಟ್ಟು ಬೇರೆಲ್ಲೂ ಕೇಳಿರಲಿಲ್ಲ.

ಅಂದಿನಿಂದ ಅವಳು ಕನ್ನಡಿಯ ಮುಂದೆ ಐದು ನಿಮಿಷ ಜಾಸ್ತಿ ನಿಲ್ಲತೊಡಗಿದಳು. ಆದರೆ ಏನು ಪ್ರಯೋಜನ? ಸೆಂಟು ಹಾಕುವಂತಿಲ್ಲ, ಘಮಘಮಿಸುವ ಸೋಪು ಕೂಡದು, ತುಟಿಗೆ ಬಣ್ಣ ಹಚ್ಚಿದರೆ ಚಮಚಕ್ಕೆ ಅಂಟುತ್ತದೆ. ರುಚಿ ಕೋಣೆಯಲ್ಲಿ ಕೆಲಸ ಮಾಡುತ್ತ ಪ್ರೀತಿಗೆ ಬೀಳುವ ಹುಡುಗಿಯರ ಪಾಡು ಯಾರಿಗೂ ಬೇಡ!

ಬಿಡುವಿನಲ್ಲಿ ಅವನು ಮಳಿಗೆಗೆ ಬಂದು ಅವಳು ಗಿರಾಕಿಗಳಿಗೆ ಬೀಜ ಆರಿಸುವುದನ್ನು ನೋಡುತ್ತ ನಿಲ್ಲುತ್ತಿದ್ದ. ಹಾಲಿಲ್ಲದೆ ಕುಡಿಯುವ ಮೇಷ್ಟ್ರಿಗೆ ತೆಳುವಾಗಿ ಹುರಿದದ್ದು. ಬೆಳಿಗ್ಗೆ ಬಡಿದೆಬ್ಬಿಸಬೇಕು ಎನ್ನುವ ಬಸ್ ಡ್ರೈವರಿಗೆ ಗಟ್ಟಿ ಹುರಿದದ್ದು. "ಎಣ್ಣೆ ಜಿನುಗಿ ಹೊಳೀತಿದೆ ಅಂತ ಮೋಸ ಹೋಗಬೇಡಿ, ಹಳೇದಾದ್ರೂ ಹೊಳೆಯುತ್ತೆ. ಒಂದೇ ಗಾತ್ರ ಇದೆಯಾ, ಒಡಕು ಇದೆಯಾ, ಅದನ್ನ ನೋಡಿ," ಎಂದು ಅವಳು ಅಂಗೈ ಮೇಲೆ ಬೀಜ ಹರಡಿ ತೋರಿಸುವಾಗ ಗಿರಾಕಿಗಿಂತ ಜಾಸ್ತಿ ಗಮನ ಅವನದು. ಅವನ ಕಣ್ಣು ಬೀಜದ ಮೇಲಿತ್ತೋ ಅಂಗೈ ಮೇಲಿತ್ತೋ, ಅದನ್ನು ನಾನು ಹೇಳುವುದಿಲ್ಲ.

*

ಎರಡು ತಿಂಗಳು ಕಳೆದಿತ್ತು. ಅದೊಂದು ಬೆಳಿಗ್ಗೆ ಐದನೇ ಬಟ್ಟಲಿನ ಕೆನೆ ಒಡೆದಾಗ ಪುಟ್ಟಿ ಹಾಗೇ ನಿಂತುಬಿಟ್ಟಳು.

ಇಸ್ತ್ರಿ! ಆಗಷ್ಟೇ ಇಸ್ತ್ರಿ ಮಾಡಿದ ಹತ್ತಿ ಬಟ್ಟೆ. ಬಿಸಿ ಇನ್ನೂ ಆರಿಲ್ಲ, ಯಾರೋ ಮಡಚಿ ಕೈಗೆ ಕೊಟ್ಟ ಹಾಗಿದೆ... ಕಣ್ಣು ಮುಚ್ಚಿದರೆ ಅಂಗೈಗೆ ಆ ಬಿಸುಪು ತಾಗುತ್ತಿತ್ತು. ಅವಳು ಹಾಗೇ ಬರೆದಳು. ಅಂಕ ಎಂಬತ್ತೊಂಬತ್ತು.

ಪೆನ್ಸಿಲ್‌ಗಳು ಕೆಳಗಿಳಿದವು. ಹೊಸಬ ಓದತೊಡಗಿದ.

"ಐದನೇ ಬಟ್ಟಲು... ಎಂಬತ್ತೊಂಬತ್ತು. ಜೇನು ಇದೆ. ಅದರ ಹಿಂದೆ..." ಇಂಥದ್ದನ್ನು ಅವನು ಇಷ್ಟು ದಿನ ಓದಿರಲಿಲ್ಲ, ಒಂದು ಗಳಿಗೆ ಸಂಕೋಚಪಟ್ಟ. "ಈಗ ತಾನೇ ಇಸ್ತ್ರಿ ಮಾಡಿದ ಬಟ್ಟೆ."

ಪುಟ್ಟಿ ತಟ್ಟನೆ ತನ್ನ ಕಾಗದ ನೋಡಿಕೊಂಡಳು.

ಓದುಗರೇ, ಆ ಕ್ಷಣದಲ್ಲಿ ಅವಳು ಕುಣಿಯಬೇಕಿತ್ತು. ಒಂಬತ್ತು ವರ್ಷ ಕಾದದ್ದು ಕೊನೆಗೂ ಎದುರಿಗೆ ಬಂದು ನಿಂತಿತ್ತು! ಆದರೆ ಒಂಬತ್ತು ವರ್ಷ 'ಇಲ್ಲ, ಇಲ್ಲ' ಎಂದು ಕೇಳಿಸಿಕೊಂಡ ಮನಸ್ಸು ಅಷ್ಟು ಸುಲಭವಾಗಿ ಹೌದು ಎನ್ನುತ್ತದೆಯೇ? ಅವಳಿಗೆ ಹೊಳೆದದ್ದು ಒಂದೇ. 'ನೋಡಿ ಬರೆದಿದ್ದಾನೆ. ಇವನು ನನ್ನ ಪಕ್ಕದಲ್ಲೇ ಕೂರುವವನು.'

"ನನ್ನ ಕಾಗದ ನೋಡಿ ಬರೆದಿದ್ದೀರಿ!"

ತಾತನಿಗೂ ಕೇಳಿಸಿತು.

"ಇಲ್ಲ," ಎಂದ ಅವನು, ಮೆಲ್ಲಗೆ.

"ಮತ್ತೆ ಹೇಗೆ? ಅಂಕನೂ ಅದೇ, ಮಾತೂ ಅದೇ! ಮೊದಲ ದಿನದಿಂದ ನೋಡ್ತಿದೀನಿ, ನಾನು ಏನಂತೀನೋ ಅದೇ ನೀವನ್ನೋದು. ಇಷ್ಟು ದಿನ ಸಿಂಕ್ ಹತ್ರ ನಿಂತು ಮಾತಾಡ್ಸಿದ್ದೂ ಇದಕ್ಕೇನಾ?"

ಅವಳ ಕಾಗದ ಎಳೆದು ನೋಡಿದ ದೊಡ್ಡಮ್ಮನ ಹುಬ್ಬು ಗಂಟಾಯಿತು. ಪುಟ್ಟಿಯ ಕಣ್ಣಲ್ಲಿ ತುಂಬಿದ್ದ ನೀರನ್ನು ಅವನು ನೋಡಿದ. ತನ್ನ ಆರು ಬಟ್ಟಲುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ಕಿಟಕಿಯ ಕೆಳಗಿನ ಚಿಕ್ಕ ಮೇಜಿನ ಮೇಲಿಟ್ಟ.

"ನಾಳೆಯಿಂದ ಇಲ್ಲಿ ಕೂರ್ತೀನಿ ದೊಡ್ಡಮ್ಮ. ಬೆನ್ನು ತಿರುಗಿಸಿ."

*

ಎರಡೇ ದಿನಕ್ಕೆ ಅವನ ಅಂಕಗಳು ಹಳ್ಳ ಹಿಡಿದವು.

ಎಲ್ಲರೂ ಎಂಬತ್ತೈದು ಕೊಟ್ಟದ್ದಕ್ಕೆ ಅವನದು ಎಪ್ಪತ್ತು. ತಾತನ ಹೊರತು ಎಲ್ಲರೂ ಮೂಗು ಮುರಿದದ್ದಕ್ಕೆ ಅವನದು ತೊಂಬತ್ತು. ಪಕ್ಕದಲ್ಲಿ 'ಸಾಧಾರಣ', 'ಚೆನ್ನಾಗಿದೆ', ಅಷ್ಟೇ.

"ನೀನು ಹೇಳಿದ್ದೇ ಸರಿ ಅನ್ಸುತ್ತೆ ಪುಟ್ಟಿ," ಎಂದರು ದೊಡ್ಡಮ್ಮ, ಮೂರು ವಾರ ನೋಡಿ. "ದೂರ ಕೂರಿಸಿದ ಕೂಡಲೇ ನಾಲಿಗೆ ಕೆಟ್ಟುಹೋಯ್ತು ಅವನಿಗೆ. ಶನಿವಾರ ಮೂರು ತಿಂಗಳು ಮುಗಿಯುತ್ತೆ. ಹೊರಡು ಅಂತ ಹೇಳ್ಬಿಡ್ತೀನಿ."

ಗೆದ್ದವಳು ಪುಟ್ಟಿ. ಆದರೆ ಗೆದ್ದವರಿಗೆ ರಾತ್ರಿ ಊಟ ಸೇರುತ್ತದೆ, ಅವಳಿಗೆ ಸೇರಲಿಲ್ಲ. ಸಿಂಕಿನ ಬಳಿ ಈಗ ಅವಳೊಬ್ಬಳೇ ನಿಲ್ಲುತ್ತಿದ್ದಳು. ಕಾಗದಕ್ಕೆ ಮೊಣಕೈ ಅಡ್ಡ ಇಟ್ಟು ಬರೆಯುವ ಅಭ್ಯಾಸ ಅಂಟಿಕೊಂಡಿತ್ತು. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಹಾಸಿಗೆ, ಪೆಟ್ಟಿಗೆ, ಇಸ್ತ್ರಿ ಎಲ್ಲ ಸಿಗುತ್ತಿದ್ದವು, ಆದರೆ ಬರೆಯಲು ಕೈ ಬರುತ್ತಿರಲಿಲ್ಲ.

ಗುರುವಾರ ಪಾತ್ರೆ ತೊಳೆಯುವ ಅಕ್ಕ ರಜೆ ಹಾಕಿದ್ದಳು. ಮಧ್ಯಾಹ್ನ ಬಟ್ಟಲು ಎತ್ತಿಡಲು ಪುಟ್ಟಿಯೇ ಹೋದಳು. ಮೊದಲು ಕಿಟಕಿಯ ಕೆಳಗಿನ ಮೇಜು.

ಮೂರನೇ ಬಟ್ಟಲು ಎತ್ತಿದಳು. ಹಗುರವಾಗಿತ್ತು. ಅರ್ಧಕ್ಕಿಂತ ಜಾಸ್ತಿ ಖಾಲಿ!

ಆರನೆಯದು ತುಂಬಿಯೇ ಇತ್ತು. ಒಂದೇ ಒಂದು ಚಮಚ ತೆಗೆದಿರಬಹುದು.

ಪಕ್ಕದಲ್ಲೇ ಅವನ ಕಾಗದವಿತ್ತು. ಮೂರನೆಯದಕ್ಕೆ ಎಪ್ಪತ್ತನಾಲ್ಕು, ಸಾಧಾರಣ. ಆರನೆಯದಕ್ಕೆ ತೊಂಬತ್ತು, ಚೆನ್ನಾಗಿದೆ.

'ಚೆನ್ನಾಗಿರೋದನ್ನ ಒಂದು ಚಮಚಕ್ಕೆ ಬಿಟ್ಟು, ಸಾಧಾರಣದ್ದನ್ನ ಯಾರು ಮತ್ತೆ ಮತ್ತೆ ಕುಡೀತಾರೆ?'

ರುಚಿ ನೋಡುವವರಿಗೆ ಇದು ಗೊತ್ತು. ಹಿಡಿಸದ ಬಟ್ಟಲಿಗೆ ಚಮಚ ಎರಡನೇ ಸಲ ಇಳಿಯುವುದಿಲ್ಲ. ಹಿಡಿಸಿದ ಬಟ್ಟಲಿಗೆ ಕೈ ತಾನಾಗೇ ಹೋಗುತ್ತದೆ, ಇನ್ನೊಂದು, ಇನ್ನೊಂದೇ ಒಂದು ಎಂದು. ಕೈಗೆ ಸುಳ್ಳು ಹೇಳಲು ಬರುವುದಿಲ್ಲ.

ಅವಳು ಅವನ ಆರು ಬಟ್ಟಲನ್ನೂ ತಂದು ಉದ್ದ ಮೇಜಿನ ಮೇಲೆ, ತನ್ನ ಆರರ ಎದುರಿಗೆ, ಒಂದಕ್ಕೊಂದು ಜೋಡಿಸಿಟ್ಟಳು. ಬಗ್ಗಿ ನೋಡಿದಳು.

ಎರಡು ಸಾಲೂ ಒಂದೇ ಮಟ್ಟ. ಅವಳ ಮೂರನೆಯದು ಅರ್ಧ ಖಾಲಿ, ಅವನದೂ ಅರ್ಧ ಖಾಲಿ. ಅವಳ ಒಂದನೆಯದು ಒಂದು ಬೆರಳು ಇಳಿದಿದೆ, ಅವನದೂ ಅಷ್ಟೇ. ಆರನೆಯದಕ್ಕೆ ಇಬ್ಬರ ಚಮಚವೂ ಎರಡನೇ ಸಲ ಇಳಿದಿಲ್ಲ.

ಬೆನ್ನು ತಿರುಗಿಸಿ ಕೂತವನು ಇದನ್ನು ಎಲ್ಲಿಂದ ನೋಡಿ ಬರೆದ?

"ದೇವರೇ... ನಾನೇನು ಮಾಡಿದೆ!"

*

ಅವನು ಮೂಟೆಗಳ ಕೋಣೆಯಲ್ಲಿದ್ದ. ದೊಡ್ಡ ತಟ್ಟೆಯಲ್ಲಿ ಹಸಿ ಬೀಜ ಹರಡಿಕೊಂಡು ಒಡಕು, ಹುಳುಕು, ಕಪ್ಪಗಾದದ್ದನ್ನು ಆರಿಸಿ ತೆಗೆಯುತ್ತಿದ್ದ.

"ಮೂರನೇ ಬಟ್ಟಲಿಗೆ ಎಷ್ಟು ಕೊಟ್ರಿ?" ಬಾಗಿಲಲ್ಲೇ ನಿಂತು ಕೇಳಿದಳು.

"ಎಪ್ಪತ್ತನಾಲ್ಕು."

"ಸುಳ್ಳು."

ಅವನು ತಲೆ ಬಗ್ಗಿಸಿಕೊಂಡೇ ಒಂದು ಒಡಕು ಬೀಜ ಎತ್ತಿ ಬದಿಗಿಟ್ಟ.

"ಎಪ್ಪತ್ತನಾಲ್ಕರ ಕಾಫೀನ ಅರ್ಧ ಬಟ್ಟಲು ಖಾಲಿ ಮಾಡ್ತಾರಾ ಯಾರಾದ್ರೂ?"

ಬೀಜ ಆರಿಸುತ್ತಿದ್ದ ಬೆರಳು ನಿಂತಿತು. "ಬಟ್ಟಲು ನೋಡಿದ್ರಾ..."

"ಯಾಕೆ? ಯಾಕೆ ಹೀಗೆ ಮಾಡಿದ್ರಿ? ನಮ್ಮ ಅಂಕ ನಂಬಿ ಜನ ಬೀಜ ತಗೊಳ್ತಾರೆ!"

"ನನ್ನ ಅಂಕ ಚೀಟಿಗೆ ಸೇರಲ್ಲ. ಮೂರು ತಿಂಗಳು ಬರೀ ನೋಡ್ತೀನಿ ಅಂದಿದ್ರಲ್ಲ ದೊಡ್ಡಮ್ಮ. ಗೊತ್ತಿದ್ದೇ ಮಾಡಿದೆ. ಯಾರಿಗೂ ತೊಂದರೆ ಆಗಲ್ಲ ಅಂತ."

"ಮತ್ತೆ ನಿಮಗೆ? ಶನಿವಾರ ನಿಮ್ಮನ್ನ ಕಳಿಸ್ತಾರೆ!"

"ಗೊತ್ತು."

"ಗೊತ್ತಿದ್ದೂ...?"

ಅವನು ಈಗ ತಲೆ ಎತ್ತಿದ. ಆ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಆ ದಿನ ಆದ್ಮೇಲೆ ಓದೋಕೆ ಅಂತ ತಿರುಗಿದಾಗೆಲ್ಲ ನೋಡ್ತಿದ್ದೆ, ನಿಮ್ಮ ಕಾಗದಕ್ಕೆ ಕೈ ಅಡ್ಡ ಇರ್ತಿತ್ತು. ಆಮೇಲೆ ಓದೋದು ಕೇಳಿಸ್ತಿತ್ತು ನನಗೆ. 'ಪರವಾಗಿಲ್ಲ', 'ಸಾಧಾರಣ'... ನೀವು! ಹಾಸಿಗೆ, ಪೆಟ್ಟಿಗೆ ಅಂತಿದ್ದವರು! ಅದನ್ನ ಕೇಳೋಕೆ ಅಂತಲೇ ನಾನು ದಿನಾ ಬೆಳಿಗ್ಗೆ ಬೇಗ ಬರ್ತಿದ್ದೆ. ನಾನು ನಿಮ್ಮ ಹಾಗೇ ಬರೀತಾ ಹೋದ್ರೆ ನೀವು ಪೂರ್ತಿ ನಿಲ್ಲಿಸ್ಬಿಡ್ತೀರಿ ಅನ್ನಿಸ್ತು. ಆ ಮೇಜಲ್ಲಿ ಇಬ್ಬರಿಗೆ ಜಾಗ ಇಲ್ಲ ಅಂದ್ರೆ ಎದ್ದು ಹೋಗ್ಬೇಕಾದವನು ಆಮೇಲೆ ಬಂದವನೇ ಅಲ್ವಾ?"

ಪುಟ್ಟಿ ಬಾಗಿಲು ಬಿಟ್ಟು ಒಳಗೆ ಬಂದಳು.

"ಒಂಬತ್ತು ವರ್ಷ ಯಾರಿಗೂ ಸಿಕ್ಕಿರ್ಲಿಲ್ಲ. ನಿಮಗೂ ಸಿಕ್ತು ಅಂದಾಗ ಖುಷಿ ಪಡೋದು ಬಿಟ್ಟು... ಕಳ್ಳ ಅಂದೆ. ಎಲ್ಲರೆದುರು."

"ಆ ಇಸ್ತ್ರಿ ಬಟ್ಟೆ ನಿಜವಾಗ್ಲೂ ಇತ್ತು," ಎಂದ ಅವನು. "ನೀಲಿ ಬಣ್ಣದ್ದು."

ಅಷ್ಟೇ! ಅವಳು ಬಿಕ್ಕಿ ಬಿಕ್ಕಿ ಅತ್ತಳು, ಅಳುತ್ತಲೇ ನಕ್ಕಳು. ಅವಳಿಗೂ ಅದು ನೀಲಿಯೇ ಆಗಿತ್ತು, ಆದರೆ ಹುಚ್ಚಿ ಅಂದಾರು ಎಂದು ಬರೆದಿರಲಿಲ್ಲ.

"ಬನ್ನಿ, ದೊಡ್ಡಮ್ಮಂಗೆ ಬಟ್ಟಲು ತೋರಿಸೋಣ."

"ಬೇಡ. ನಿಮ್ಮ ಮಾತು ಕೆಳಗೆ ಬೀಳುತ್ತೆ."

"ಬೀಳಲಿ!"

ಅವಳು ಓಡಿದಳು. ರುಚಿ ಕೋಣೆಯ ಬಾಗಿಲು ತಳ್ಳಿದಳು. ಹಾಗೇ ನಿಂತಳು.

ಅವರಿಬ್ಬರ ಹನ್ನೆರಡು ಬಟ್ಟಲುಗಳೂ ತೊಳೆದು, ಒರೆಸಿ, ಕಪಾಟಿನಲ್ಲಿ ಬೋರಲಾಗಿ ಥಳಥಳ ಹೊಳೆಯುತ್ತಿದ್ದವು. ತಾತ ಕೈ ಒರೆಸಿಕೊಳ್ಳುತ್ತ ಹೆಮ್ಮೆಯಿಂದ ನಕ್ಕರು.

"ನೀನೊಬ್ಬಳೇ ಎಷ್ಟು ಅಂತ ಮಾಡ್ತೀಯ ಅಂತ ಎಲ್ಲಾ ತೊಳೆದಿಟ್ಟೆ ಪುಟ್ಟಿ!"

*

ತೋರಿಸಲು ಏನೂ ಉಳಿದಿರಲಿಲ್ಲ. ಆದರೂ ಅವಳು ದೊಡ್ಡಮ್ಮನ ಎದುರು ಹೋಗಿ ನಿಂತು ಎಲ್ಲವನ್ನೂ ಹೇಳಿದಳು. ಒಂದೂ ಬಿಡದೆ.

ದೊಡ್ಡಮ್ಮ ಕನ್ನಡಕ ತೆಗೆದಿಟ್ಟರು. "ಸಾಕ್ಷಿ?"

"ಇಲ್ಲ. ತಾತ ತೊಳೆದುಬಿಟ್ರು. ಒಂಬತ್ತು ವರ್ಷ ನನ್ನ ನಾಲಿಗೆ ನಂಬಿದೀರಿ ದೊಡ್ಡಮ್ಮ. ಇದೊಂದು ಮಾತೂ ನಂಬಿ. ನಾನು ಹೇಳಿದ್ದು ತಪ್ಪು. ಅವರನ್ನ ಕಳಿಸೋದಾದ್ರೆ, ಸುಳ್ಳು ಆರೋಪ ಹೊರಿಸಿದ್ದಕ್ಕೆ ನನ್ನನ್ನೂ ಕಳಿಸಿ."

ದೊಡ್ಡಮ್ಮ ಅವಳನ್ನು ನೋಡಿದರು. ಹಿಂದೆ ಬಾಗಿಲಲ್ಲಿ ನಿಂತಿದ್ದ ಅವನನ್ನೂ ನೋಡಿದರು.

"ಶನಿವಾರ ಹೊಸ ಆರು ಬೀಜ ಇಡ್ತೀನಿ. ನೀನು ಇಲ್ಲಿ, ಅವನು ಮಳಿಗೇಲಿ, ನಡುವೆ ಬಾಗಿಲು ಹಾಕಿರುತ್ತೆ. ಇಬ್ಬರೂ ನಿಜ ಬರೀಬೇಕು. ಪೂರ್ತಿ ನಿಜ. ನನಗೆ ಅರ್ಥ ಆಗದೇ ಇರೋದೂ ಸೇರಿ."

ಶನಿವಾರ ಬೆಳಿಗ್ಗೆ ಆ ಮಸುಕು ಬೆಳಕಿನಲ್ಲಿ, ಹಬೆಯ ನಡುವೆ ಪುಟ್ಟಿ ಒಬ್ಬಳೇ ಬಗ್ಗಿದಳು. ಮುಚ್ಚಿದ ಬಾಗಿಲಿನ ಆಚೆಯಿಂದ ಸುರ್ರ್ ಎಂಬ ಸದ್ದು ಸಣ್ಣಗೆ ಕೇಳುತ್ತಿತ್ತು. ಎಷ್ಟೋ ದಿನದ ಮೇಲೆ ಅವಳು ಮೊಣಕೈ ಅಡ್ಡ ಇಡದೆ, ಸಿಕ್ಕಿದ್ದನ್ನೆಲ್ಲ ಬರೆದಳು.

ಬಾಗಿಲು ತೆರೆಯಿತು, ಅವನು ಒಳಗೆ ಬಂದು ಮೊದಲು ಓದಿದ. "ಒಂದು, ಎಂಬತ್ತೆರಡು. ಸುಟ್ಟ ಸಕ್ಕರೆ. ಎರಡು, ಎಂಬತ್ತಾರು. ಕಿತ್ತಳೆ ಸಿಪ್ಪೆ, ಆಮೇಲೆ ಪೆನ್ಸಿಲ್ ಚೂಪು ಮಾಡಿದಾಗ ಬರೋ ವಾಸನೆ..."

ದೊಡ್ಡಮ್ಮ ಪುಟ್ಟಿಯ ಕಾಗದ ನೋಡಿದರು. ಎರಡು, ಎಂಬತ್ತಾರು. ಕಿತ್ತಳೆ. ಪೆನ್ಸಿಲ್ ಕೆತ್ತಿದ ಹುಡಿ. ಅವರ ಹುಬ್ಬು ಮೇಲೇರಿತು. ಮೂರನೆಯದೂ ಹಾಗೇ.

"ನಾಲ್ಕು..." ಅವನು ಮುಖ ಸಿಂಡರಿಸಿದ. "ಎಪ್ಪತ್ತೊಂಬತ್ತು."

"ಎಪ್ಪತ್ತೊಂಬತ್ತಾ?!" ಪುಟ್ಟಿ ಕುರ್ಚಿಯಿಂದ ಎದ್ದೇಬಿಟ್ಟಳು. ಅವಳ ಕಾಗದದಲ್ಲಿ ತೊಂಬತ್ತೊಂದಿತ್ತು. ಆರರಲ್ಲಿ ಅವಳ ಅಚ್ಚುಮೆಚ್ಚಿನ ಬಟ್ಟಲು! ಮರುಕ್ಷಣವೇ ಹೊಳೆಯಿತು. 'ಮುಗೀತು... ಈಗ ಕಳಿಸಿಬಿಡ್ತಾರೆ...'

"ಮಾಗಿ ಮಾಗಿ ಇನ್ನೇನು ಕೊಳೀಬೇಕು ಅನ್ನೋ ಹಣ್ಣಿನ ಸಿಹಿ," ಎಂದ ಅವನು, ತಪ್ಪೊಪ್ಪಿಕೊಳ್ಳುವವನ ಹಾಗೆ. "ಎಂಟು ವರ್ಷ ಅದರಲ್ಲೇ ಮುಳುಗಿದ್ದೆ ದೊಡ್ಡಮ್ಮ. ಕ್ಷಮಿಸಿ, ನನ್ನ ಕೈಲಾಗಲ್ಲ. ಆದ್ರೆ ಇದೇ ನಿಜ."

ದೊಡ್ಡಮ್ಮ ಎರಡು ಕಾಗದಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಮೆಲ್ಲಗೆ ನಗು ಬಂತು.

"ಈಗ ಸಮಾಧಾನ ಆಯ್ತು. ಆರಕ್ಕೆ ಆರೂ ಒಂದೇ ಬಂದಿದ್ರೆ ನನಗೆ ಇಬ್ಬರು ಯಾಕೆ ಬೇಕು? ಒಬ್ಬರು ಸಾಕಾಗಿತ್ತು." ಆಮೇಲೆ ದನಿ ಬಿಗಿ ಮಾಡಿಕೊಂಡರು. "ಆದ್ರೆ ಸುಳ್ಳು ಅಂಕ ಬರೆದಿದೀಯಲ್ಲಪ್ಪ, ಅದಕ್ಕೆ ಶಿಕ್ಷೆ ಇದೆ. ಸೋಮವಾರದಿಂದ ಮತ್ತೆ ಮೂರು ತಿಂಗಳು, ಮೊದಲಿಂದ. ನೀನೂ ಕೇಳಿಸ್ಕೋ ಪುಟ್ಟಿ, ಈ ಮೂರು ತಿಂಗಳು ಇಬ್ಬರದೂ ಚಮಚ ನೀನೇ ತೊಳೀಬೇಕು."

ತಾತನನ್ನು ಕರೆದುಕೊಂಡು ಅವರು ಹೊರಗೆ ಹೋದರು. ಹೋಗುವಾಗ ಬಾಗಿಲು ಎಳೆದುಕೊಂಡು ಹೋದರು. ದೊಡ್ಡಮ್ಮನಿಗೆ ರುಚಿ ಮಾತ್ರವಲ್ಲ, ಬೇರೆ ಕೆಲವು ಸಂಗತಿಗಳೂ ಗೊತ್ತಾಗುತ್ತವೆ.

*

ಕೋಣೆಯಲ್ಲಿ ಹಬೆ ಆರಿರಲಿಲ್ಲ. ಬೆಳಕು ಮೇಜಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು.

"ಎಪ್ಪತ್ತೊಂಬತ್ತಂತೆ!" ಪುಟ್ಟಿ ನಾಲ್ಕನೇ ಬಟ್ಟಲನ್ನು ಅವನ ಕಡೆ ತಳ್ಳಿದಳು. "ನಾಲಿಗೆ ಇದೆಯಾ ನಿಮಗೆ?"

"ತೊಂಬತ್ತೊಂದಂತೆ! ಇದನ್ನ ಕುಡಿದ್ರೆ ನೊಣ ಮುತ್ತುತ್ತೆ."

"ಇನ್ನೊಂದು ಸಲ ನೋಡಿ."

ಅವನು ಹೀರಿದ. ಮುಖ ಕಿವುಚಿದ. "ಎಪ್ಪತ್ತೆಂಟು."

ಅವಳು ಜೋರಾಗಿ ನಕ್ಕುಬಿಟ್ಟಳು. ಏನೋ ಒಂದು ಭಾರ ಎದೆಯಿಂದ ಇಳಿದು ಹೋಗಿತ್ತು. ತನ್ನ ಹಾಗೇ ಇರುವವನೊಬ್ಬ ಬೇಕು ಎಂದು ಒಂಬತ್ತು ವರ್ಷ ಹಂಬಲಿಸಿದ್ದಳು. ಈಗ ಎದುರಿಗೆ ಕೂತವನು ಅವಳ ಹಾಗಿರಲಿಲ್ಲ, ಅವನ ಹಾಗೇ ಇದ್ದ. ಅದೇ ಇನ್ನೂ ಇಷ್ಟವಾಗುತ್ತಿತ್ತು. ಹೇಳಿಬಿಡಬೇಕು ಎನಿಸಿತು. ಬಾಯಿ ಬರಲಿಲ್ಲ.

ಬಾಯಿ ಬರದಿದ್ದರೇನು, ಪೆನ್ಸಿಲ್ ಇತ್ತಲ್ಲ!

ಅವಳು ಹೊಸ ಕಾಗದವೊಂದನ್ನು ಎಳೆದುಕೊಂಡಳು. ಅವನೂ ಯಾಕೋ ಒಂದು ಕಾಗದ ಎಳೆದುಕೊಂಡ. ಅವಳು ಮೊಣಕೈ ಅಡ್ಡ ಇಡಲಿಲ್ಲ. ಬೇಕೆಂದೇ, ಅವನಿಗೆ ಕಾಣುವ ಹಾಗೆ, ದಪ್ಪ ಅಕ್ಷರದಲ್ಲಿ ನಾಲ್ಕೇ ಮಾತು ಬರೆದಳು.

'ನನಗೆ ನೀವು ದಿನಾ ಬೇಕು.'

ಕೆನ್ನೆ ಸುಡುತ್ತಿತ್ತು. ಕಾಗದವನ್ನು ಅವನ ಮುಂದೆ ಸರಿಸಿದಳು.

"ನೋಡಿ ಬರ್ಕೊಳ್ಳಿ. ಈ ಸಲ ಬೈಯಲ್ಲ."

ಅವನು ನೋಡಿದ. ಕಣ್ಣಂಚು ತೇವವಾಯಿತು. ಬರೆಯಲು ಮಾತ್ರ ಪೆನ್ಸಿಲ್ ಎತ್ತಲಿಲ್ಲ.

"ಯಾಕೆ?" ಅವಳು ಪೆನ್ಸಿಲನ್ನು ಅವನ ಕಡೆ ತಳ್ಳಿದಳು. "ಬರೆಯಲ್ವಾ?"

"ನೀವು ಬರೆಯೋಕೆ ಮುಂಚೆನೇ ನಾನು ಬರೆದಾಯ್ತು." ಅವನ ಅಂಗೈ ಕೆಳಗೆ ಅವನ ಕಾಗದ ಬೋರಲಾಗಿ ಬಿದ್ದಿತ್ತು.

"ತೋರಿಸಿ!"

"ಊಹೂಂ. ಈ 'ನೀವು' ಅನ್ನೋದು ಬಿಟ್ರೆ ತೋರಿಸ್ತೀನಿ."

ಪುಟ್ಟಿ ತಲೆ ತಗ್ಗಿಸಿದಳು. ಆಮೇಲೆ ಕೈ ಚಾಚಿ, ಕಾಗದ ಮುಚ್ಚಿದ್ದ ಅವನ ಅಂಗೈ ಮೇಲೆ ತನ್ನ ಅಂಗೈ ಇಟ್ಟಳು.

"ತೋರಿಸು."